ಜಿಂಕೆ ಬೇಟೆಗೆ ಯಾವ ಸೆಮಿ ಆಟೋ ರೈಫಲ್? ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತಿವೆ: ಜಿಂಕೆ ಬೇಟೆಯ ಹಂಗಾಮು ಬರುತ್ತಿದೆ, ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಳ್ಳಬೇಕೆಂದಿದ್ದೇವೆ, ಯಾವುದು ಸರಿ? ಸೆಮಿ ಆಟೋ ಎಂದರೆ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಈಡು. ಖಾಲಿ ತೋಟೆಯನ್ನು ಹೊರಗೆಸೆದು ಮುಂದಿನದನ್ನು ಚೇಂಬರಿಗೆ, ಎಂದರೆ ನಳಿಗೆಯ ಹಿಂತುದಿಯ ಗೂಡಿಗೆ, ತಳ್ಳುವ ಕೆಲಸವಷ್ಟೇ ಯಂತ್ರದ್ದು. ಇದು ತಿಳಿದಿದ್ದರೆ ಮುಂದಿನ ಉತ್ತರಗಳು ಸುಲಭ.

ಪ್ರಶ್ನೆ: ಟೆಕ್ಸಸ್ಸಿನ ಹಿಲ್ ಕಂಟ್ರಿಯಲ್ಲಿ ಗೆಳೆಯರು ಬೇಟೆಗೆಂದು ಜಾಗ ಗುತ್ತಿಗೆ ಹಿಡಿದಿದ್ದಾರೆ. ಬಿಳಿಬಾಲದ ಜಿಂಕೆ, ಹೆಚ್ಚೆಂದರೆ 150 ಗಜ ದೂರ. ಮೊದಲ ರೈಫಲ್ಲೇ ಸೆಮಿ ಆಟೋ ಆಗಬಹುದೇ? ಬೋಲ್ಟ್ ರೈಫಲ್ ಸಾಕೇ? (ಆಸ್ಟಿನ್‌ನ ಓದುಗರು)

ಉತ್ತರ: ಬೋಲ್ಟ್ ರೈಫಲ್, ಎಂದರೆ ಚೇಂಬರ್ ಮುಚ್ಚುವ ಬೋಲ್ಟನ್ನು ಪ್ರತಿ ಈಡಿಗೂ ಕೈಯಿಂದಲೇ ಎಳೆದು ತಳ್ಳುವ ರೈಫಲ್, ಸಾಕು. ದುಡ್ಡು ಲೆಕ್ಕ ಹಾಕುವವರಾದರೆ ಅದನ್ನೇ ಕೊಳ್ಳಿ. ಒಳ್ಳೆಯ ಬೇಟೆಯ ಸೆಮಿ ಆಟೋಗೆ ಕೊಡುವ ಹಣದ ಅರ್ಧಕ್ಕಿಂತ ಕಡಿಮೆಗೆ ರೂಗರ್ ಅಮೆರಿಕನ್ ಅಥವಾ ಸ್ಯಾವೇಜ್ ಆಕ್ಸಿಸ್ ಸಿಗುತ್ತದೆ. ಉಳಿದದ್ದರಲ್ಲಿ ರೈಫಲ್ ಮೇಲೆ ಕೂರಿಸುವ ಒಳ್ಳೆಯ ದುರ್ಬೀನು ಮತ್ತು ಅಭ್ಯಾಸಕ್ಕೆ ಹತ್ತು ಪೆಟ್ಟಿಗೆ ತೋಟೆ ಬರುತ್ತವೆ. ಅಭ್ಯಾಸದ ತೋಟೆಗಿಂತ ದೊಡ್ಡ ಉಪಕರಣ ಹೊಸಬರಿಗೆ ಬೇರೊಂದಿಲ್ಲ.

ಆದರೂ ಸೆಮಿ ಆಟೋ ಬೇಕು ಎನ್ನುವುದಕ್ಕೆ ಎರಡು ಗಟ್ಟಿ ಕಾರಣಗಳಿವೆ. ಮೊದಲನೆಯದು ಒದೆತ. ನಳಿಗೆಯಿಂದ ಕದ್ದ ಒಂದಿಷ್ಟು ಅನಿಲ ಪಿಸ್ಟನ್ನನ್ನು ತಳ್ಳಿ ಬೋಲ್ಟನ್ನು ಹಿಂದೆ ನೂಕುವಾಗ, ಹೆಗಲಿಗೆ ಬೀಳುವ ಹೊಡೆತ ಕೊಂಚ ಹೊತ್ತಿಗೆ ಹಂಚಿಹೋಗುತ್ತದೆ. ಅದೇ .308 ತೋಟೆ (.308 ಎಂದರೆ ಇಂಚಿನಲ್ಲಿ ಗುಂಡಿನ ವ್ಯಾಸ) ಹಗುರ ಬೋಲ್ಟ್ ರೈಫಲ್ಲಿನಲ್ಲಿ ಗುದ್ದುತ್ತದೆ, ಬ್ರೌನಿಂಗ್ ಬಿಎಆರ್‌ನಲ್ಲಿ ದೂಡುತ್ತದೆ. ಗುದ್ದಿಗೆ ಹೆದರಿದವರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ, ಗುಂಡು ಜಿಂಕೆಯ ಹೊಟ್ಟೆಗೆ ಬೀಳುತ್ತದೆ. ಎರಡನೆಯದು, ಮೊದಲ ಈಡು ಬಿದ್ದಮೇಲೂ ಜಿಂಕೆ ನಿಂತೇ ಇದ್ದರೆ, ಕಣ್ಣನ್ನು ದುರ್ಬೀನಿನಿಂದ ತೆಗೆಯದೆ ಇನ್ನೊಂದು ಹಾಕಿ ಅದರ ನರಳಾಟ ಮುಗಿಸಬಹುದು. ಎರಡನೇ ಗುಂಡಿನ ಉಪಯೋಗ ಇಷ್ಟೇ. ಓಡುವ ಜಿಂಕೆಯ ಹಿಂದೆ ಸಾಲಾಗಿ ಗುಂಡು ಬಿಡುವುದಕ್ಕಾಗಿ ಯಾರೂ ಈ ರೈಫಲ್ ಕೊಳ್ಳಬೇಡಿ. ಹಾಗೆ ಗಾಯಗೊಂಡ ಪ್ರಾಣಿ ಪೊದೆಯೊಳಗೆ ಹೋಗಿ ಎರಡು ದಿನ ಸಾಯುತ್ತಾ ಬಿದ್ದಿರುತ್ತದೆ.

ಅಂಗಡಿಯಲ್ಲಿ ಕಾಣುವವು ಮುಖ್ಯವಾಗಿ ಮೂರು ಬಗೆ. ಬೇಟೆಗೆಂದೇ ಮಾಡಿದವುಗಳಲ್ಲಿ ಬ್ರೌನಿಂಗ್ ಬಿಎಆರ್ ಮತ್ತು ಬೆನೆಲ್ಲಿ ಆರ್1 ಮುಂದೆ ನಿಲ್ಲುತ್ತವೆ. ಬಿಎಆರ್ 1967ರಲ್ಲಿ ಬಂತು. ಮೊದಲ ಮಹಾಯುದ್ಧದ ಬಿಎಆರ್‌ಗೂ ಇದಕ್ಕೂ ಹೆಸರಷ್ಟೇ ಸಮಾನ. ಅದು ಜಾನ್ ಬ್ರೌನಿಂಗ್ ಅವರದು, ಇದು ಅವರ ಮೊಮ್ಮಗ ಬ್ರೂಸ್ ಬ್ರೌನಿಂಗ್ ರೂಪಿಸಿದ್ದು. ಏಳು ಹಲ್ಲುಗಳ ತಿರುಗುವ ಬೋಲ್ಟ್, ಕೆಳಗಿನ ಮುಚ್ಚಳಕ್ಕೇ ಅಂಟಿಕೊಂಡು ಬಾಗಿಲಿನಂತೆ ತೆರೆಯುವ ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ), .308 ಅಥವಾ .30-06ರಲ್ಲಿ ನಾಲ್ಕು ತೋಟೆ. ಬೆನೆಲ್ಲಿ ಆರ್1ರಲ್ಲಿ ಅನಿಲದ ರಂಧ್ರ ಚೇಂಬರಿನ ತೀರ ಮುಂದೆಯೇ ಇದೆ. ಅಲ್ಲಿ ಅನಿಲ ಹೆಚ್ಚು ಬಿಸಿ ಇರುವುದರಿಂದ ಮಸಿ ಕಡಿಮೆ ಕೂರುತ್ತದೆ.

ಎರಡನೆಯ ಬಗೆ ಸೈನ್ಯದ ರೈಫಲ್ಲಿನ ರೂಪದ ಎಆರ್-10 ಮಾದರಿ, .308 ಮತ್ತು 6.5 ಕ್ರೀಡ್‌ಮೂರ್‌ನಲ್ಲಿ. ಗುರಿ ಚೆನ್ನಾಗಿ ಹಿಡಿಯುತ್ತದೆ, ಆದರೆ ದುರ್ಬೀನು ಸೇರಿದರೆ ಹತ್ತು ಪೌಂಡ್ ದಾಟುವುದು ಸಾಮಾನ್ಯ. ಇನ್ನೊಂದು ವಿಷಯವನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ: ಎಆರ್-15ರ ಹಾಗೆ ಎಆರ್-10ಕ್ಕೆ ಒಂದೇ ಅಳತೆ ಇಲ್ಲ. ಡಿಪಿಎಂಎಸ್ ಕಂಪನಿಯ ಮಾದರಿ ಬೇರೆ, ಆರ್ಮಲೈಟ್ ಕಂಪನಿಯ ಮಾದರಿ ಬೇರೆ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರದೆ ಇರಬಹುದು. ಮ್ಯಾಗಜಿನ್ ಕೊಳ್ಳುವ ಮೊದಲು ನಿಮ್ಮದು ಯಾವ ಮಾದರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯದು ರೂಗರ್ ಮಿನಿ ಥರ್ಟಿಯಂಥ ಚಿಕ್ಕ ರೈಫಲ್. ತೋಟೆ 7.62×39. ದಟ್ಟ ಪೊದೆಯಲ್ಲಿ ನೂರು ಗಜದೊಳಗೆ ಕೈಗೆ ಹಗುರ, ಚುರುಕು. ನೂರು ಗಜಕ್ಕೆ ಮೂರು ಗುಂಡುಗಳ ಗುಂಪು ಎರಡು ಮೂರು ಇಂಚಿಗೆ ಹರಡಿದರೆ ಬೇಸರಪಡಬೇಡಿ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು ಎಂಟಿಂಚಿನ ವೃತ್ತ.

ನಿಮ್ಮ 150 ಗಜಕ್ಕೆ, ಸೆಮಿ ಆಟೋವೇ ಬೇಕೆಂದರೆ, ನಮ್ಮ ಆಯ್ಕೆ .308 ಬಿಎಆರ್. ಕೊಳ್ಳುವ ಮೊದಲು ಅಂಗಡಿಯಲ್ಲೇ, ಖಾಲಿ ಎಂದು ಖಾತ್ರಿ ಮಾಡಿಕೊಂಡು, ಹೆಗಲಿಗೇರಿಸಿ ನೋಡಿ. ಕಣ್ಣು ಮುಚ್ಚಿ ಏರಿಸಿ, ತೆರೆದಾಗ ದುರ್ಬೀನಿನ ಪೂರ್ತಿ ವೃತ್ತ ಕಾಣಬೇಕು. ಕತ್ತು ಚಾಚಬೇಕಾಗಿ ಬಂದರೆ ಹಿಡಿಕೆ ನಿಮಗೆ ಉದ್ದವಾಯಿತು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಕೊಳ್ಳಬಹುದೇ? ಗೆಳೆಯರು ಸಿಟಿಜನ್, ಅವರ ಹೆಸರಲ್ಲಿ ತೆಗೆದುಕೊಡುತ್ತೇನೆ ಎನ್ನುತ್ತಾರೆ. (ಫ್ರಿಸ್ಕೊ, ಟೆಕ್ಸಸ್)

ಉತ್ತರ: ಗೆಳೆಯರಿಗೆ ಬೇಡವೆಂದು ಈಗಲೇ ಹೇಳಿ. ನಿಮ್ಮ ದುಡ್ಡಿನಲ್ಲಿ, ನಿಮಗಾಗಿ, ಅವರ ಹೆಸರಲ್ಲಿ ಕೊಳ್ಳುವುದು ಫೆಡರಲ್ ಅಪರಾಧ. ಅಂಗಡಿಯಲ್ಲಿ ತುಂಬಿಸುವ ಫಾರಂ 4473ರ ಮೊದಲ ಪ್ರಶ್ನೆಗಳಲ್ಲೇ "ನಿಜವಾದ ಕೊಳ್ಳುಗ ನೀವೇನಾ" ಎಂದಿದೆ. ಸುಳ್ಳು ಬರೆದರೆ ಅವರಿಗೆ ಜೈಲು, ನಿಮ್ಮ ವೀಸಾಕ್ಕೂ ಕುತ್ತು.

ವಲಸೆಯೇತರ ವೀಸಾದಲ್ಲಿರುವವರು, ಎಂದರೆ ಎಚ್-1ಬಿ, ಎಚ್-4, ಎಫ್-1, ಎಲ್-1 ಎಲ್ಲರೂ, ಬಂದೂಕು ಮತ್ತು ತೋಟೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಫೆಡರಲ್ ಕಾನೂನಿನ ಸಾಮಾನ್ಯ ನಿಯಮ. ಅದಕ್ಕೆ ಇರುವ ವಿನಾಯಿತಿಗಳಲ್ಲಿ ನಿಮಗೆ ಒದಗುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ನಿಮ್ಮ ಕೈಯಲ್ಲಿರಬೇಕು, ಅದರ ಅವಧಿ ಮುಗಿದಿರಬಾರದು. ಹಾಗಾಗಿ ಕ್ರಮ ಹೀಗಿರಲಿ. ಮೊದಲು ಹಂಟರ್ ಎಜುಕೇಶನ್ ತರಗತಿ. ಟೆಕ್ಸಸ್ಸಿನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಇದು ಬೇಕು. 17 ದಾಟಿದವರು ಆನ್‌ಲೈನ್‌ನಲ್ಲೇ ಮುಗಿಸಬಹುದು. ಆಮೇಲೆ ಬೇಟೆ ಲೈಸೆನ್ಸ್. ಕೊನೆಗೆ ಅಂಗಡಿ. ಈಗಿನ ವಿಳಾಸವಿರುವ ಡ್ರೈವರ್ಸ್ ಲೈಸೆನ್ಸ್, ಬೇಟೆ ಲೈಸೆನ್ಸ್, ಐ-94 (ದೇಶ ಪ್ರವೇಶದ ದಾಖಲೆ) ಸಂಖ್ಯೆ ಮೂರನ್ನೂ ಒಯ್ಯಿರಿ.

ಜನ ಎಡವುವುದು ಇದಾದ ಮೇಲೆ. ಟೆಕ್ಸಸ್ಸಿನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ರೈಫಲ್ ಕಪಾಟಿನಲ್ಲೇ ಇದ್ದರೂ ಸೆಪ್ಟೆಂಬರ್ 1ರಿಂದ ನಿಮಗೆ ವಿನಾಯಿತಿಯ ರಕ್ಷಣೆ ಇಲ್ಲ. ಬೇಟೆಗೆ ಹೋಗದ ವರ್ಷವೂ ಲೈಸೆನ್ಸ್ ನವೀಕರಿಸಿ. ಮಡದಿ ಎಚ್-4ರಲ್ಲಿದ್ದು ಅವರ ಹತ್ತಿರ ಬೇಟೆ ಲೈಸೆನ್ಸ್ ಇಲ್ಲವಾದರೆ ಕಪಾಟಿನ ಬೀಗದ ಕೈ, ಸಂಖ್ಯೆ ನಿಮ್ಮಲ್ಲೇ ಇರಲಿ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಫೆಡರಲ್ ಫಾರಂ ಅದನ್ನು ಬೇರೆಯಾಗಿಯೇ ಕೇಳುತ್ತದೆ. ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಈ ವೀಸಾ ನಿರ್ಬಂಧ ಇಲ್ಲ. ಗ್ರೀನ್ ಕಾರ್ಡ್ ಅರ್ಜಿ ನಡುದಾರಿಯಲ್ಲಿರುವವರು ಕೊಳ್ಳುವ ಮೊದಲು ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಮಾತಾಡುವುದು ಮೇಲು.

ಪ್ರಶ್ನೆ: ಮನೆಯಲ್ಲಿ .223ರ ಎಆರ್-15 ಇದೆ. ಅದರಲ್ಲೇ ಜಿಂಕೆ ಹೊಡೆಯಬಹುದೇ? ನಳಿಗೆ ಬದಲಿಸಿ .300 ಬ್ಲ್ಯಾಕೌಟ್ ಮಾಡಿಕೊಳ್ಳಿ ಎನ್ನುತ್ತಾರೆ ಕೆಲವರು. (ಹ್ಯೂಸ್ಟನ್)

ಉತ್ತರ: ಟೆಕ್ಸಸ್ಸಿನಲ್ಲಿ ಕಾನೂನು ಅಡ್ಡಿ ಮಾಡುವುದಿಲ್ಲ, ಬಿಳಿಬಾಲದ ಜಿಂಕೆಗೆ ಸೆಂಟರ್‌ಫೈರ್ ತೋಟೆ, ಎಂದರೆ ತಳದ ನಡುವೆ ಮದ್ದು ಹೊತ್ತಿಸುವ ಕೇಪು ಇರುವ ತೋಟೆ, ಆಗಿರಬೇಕು, ಅಷ್ಟೆ. ಕೊಲೊರಾಡೊದಲ್ಲಿ ಕನಿಷ್ಠ .24, ವರ್ಜೀನಿಯಾದಲ್ಲಿ .23 ವ್ಯಾಸ ಬೇಕು, ಅಲ್ಲಿ .223 ನಡೆಯದು. ಕಾನೂನು ಬಿಟ್ಟ ಕಡೆಯೂ ನಮಗೆ ಇದು ಅಂಚಿನ ತೋಟೆ. ಹೊಡೆಯಲೇಬೇಕೆಂದರೆ 62 ಗ್ರೇನಿಗೆ (ಗ್ರೇನ್ ಗುಂಡಿನ ತೂಕದ ಅಳತೆ) ಕಡಿಮೆಯಿಲ್ಲದ, ಬೇಟೆಗೆಂದೇ ಮಾಡಿದ, ಸೀಸ ಹೊದಿಕೆಗೆ ಗಟ್ಟಿಯಾಗಿ ಬೆಸೆದ ಗುಂಡು. ದೂರ ನೂರು ಗಜದೊಳಗೆ. ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು. ಮುಂಗಾಲಿನ ಹಿಂದೆ, ಎದೆಯ ಕೆಳ ಅಂಚಿನಿಂದ ಮೂರನೇ ಒಂದು ಭಾಗ ಮೇಲೆ. ಭುಜದ ಮೂಳೆಗೆ ಬೇಡ. ಹಳೆಯ ರೈಫಲ್ಲಾದರೆ ನಳಿಗೆಯ ಮೇಲಿನ ಬರಹ ಓದಿ. 1:12, ಎಂದರೆ ಹನ್ನೆರಡು ಇಂಚಿಗೆ ಒಂದು ಸುತ್ತು, ಎಂದಿದ್ದರೆ ನಳಿಗೆಯೊಳಗಿನ ಸುರುಳಿ ತುಂಬ ನಿಧಾನ, ಉದ್ದನೆಯ ಭಾರದ ಗುಂಡು ಅದರಲ್ಲಿ ನೆಟ್ಟಗೆ ಹಾರುವುದಿಲ್ಲ. 1:8 ಅಥವಾ 1:7 ಇದ್ದರೆ ಚಿಂತೆಯಿಲ್ಲ.

.300 ಬ್ಲ್ಯಾಕೌಟ್‌ನ ಅನುಕೂಲವೇ ಅದರ ಅಪಾಯ. ಬೋಲ್ಟ್ ಅದೇ, ಮ್ಯಾಗಜಿನ್ ಅದೇ, ನಳಿಗೆ ಮಾತ್ರ ಬೇರೆ. ಆದ್ದರಿಂದ .300ರ ತೋಟೆ .223ರ ಮ್ಯಾಗಜಿನ್ನಿನಲ್ಲಿ ಸಲೀಸಾಗಿ ಕೂರುತ್ತದೆ, ಕೆಲವು ಗುಂಡುಗಳು .223ರ ಚೇಂಬರಿಗೂ ನುಗ್ಗಿ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದರೆ .30 ವ್ಯಾಸದ ಗುಂಡಿಗೆ .22ರ ನಳಿಗೆಯಲ್ಲಿ ದಾರಿ ಇಲ್ಲ. ರೈಫಲ್ ಮುಖದ ಹತ್ತಿರವೇ ಸಿಡಿಯುತ್ತದೆ. ಎರಡೂ ಒಂದೇ ಮನೆಯಲ್ಲಿದ್ದರೆ ಮ್ಯಾಗಜಿನ್ನಿನ ಬಣ್ಣ ಬೇರೆ ಇರಲಿ, ಪೆಟ್ಟಿಗೆ ಬೇರೆ ಇರಲಿ, ಬೇಟೆಗೆ ಹೋಗುವಾಗ ಚೀಲದಲ್ಲಿ ಒಂದೇ ಜಾತಿಯ ತೋಟೆ ಇರಲಿ. ಸದ್ದು ಕಡಿಮೆ ಎಂದು ಮಾರುವ ನಿಧಾನಗತಿಯ .300 ತೋಟೆ ಜಿಂಕೆಗೆ ಬೇಡ. 110ರಿಂದ 125 ಗ್ರೇನಿನ ವೇಗದ ತೋಟೆಯೇ ಆಗಬೇಕು, ಅದೂ ನೂರು ಗಜದ ಆಸುಪಾಸಿಗೆ.

ಎಆರ್-15ನ್ನೇ ಇಟ್ಟುಕೊಂಡು ಜಿಂಕೆಗೆ ಹೊಂದಿಸುವುದಾದರೆ 6.5 ಗ್ರೆಂಡೆಲ್ ಒಳ್ಳೆಯದು. 123 ಗ್ರೇನಿನ ಗುಂಡು, ಸೆಕೆಂಡಿಗೆ ಸುಮಾರು 2500 ಅಡಿ. ಇದಕ್ಕೆ ಬೋಲ್ಟೂ ಮ್ಯಾಗಜಿನ್ನೂ ಬೇರೆ ಬೇಕು. ಖರ್ಚು ಹೆಚ್ಚು, ಆದರೆ ಮೇಲೆ ಹೇಳಿದ ಅದಲು ಬದಲಿನ ಭಯ ಇಲ್ಲಿಲ್ಲ.

ಪ್ರಶ್ನೆ: ಪೆನ್ಸಿಲ್ವೇನಿಯಾಕ್ಕೆ ವರ್ಗವಾಗಿದೆ. ಟೆಕ್ಸಸ್ಸಿನಲ್ಲಿ ಕೊಂಡ ಬಿಎಆರ್ ಅಲ್ಲಿ ಬಳಸಬಹುದೇ?

ಉತ್ತರ: ಜಿಂಕೆಗೆ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಕೈಯಿಂದ ತೋಟೆ ಏರಿಸುವ ರೈಫಲ್ ಮಾತ್ರ. 2016ರ ಕಾನೂನು ತಿದ್ದುಪಡಿಯ ಮೇಲೆ 2017ರಲ್ಲಿ ಅಲ್ಲಿನ ಗೇಮ್ ಕಮಿಷನ್ ಸಣ್ಣ ಪ್ರಾಣಿಗಳಿಗೆ ಸೆಮಿ ಆಟೋ ಬಿಟ್ಟಿತು, ಜಿಂಕೆಗೆ ಬಿಡಲಿಲ್ಲ. ಆ ರಾಜ್ಯದ ಕಾಡುಗಳಲ್ಲಿ ರೆಮಿಂಗ್ಟನ್ 7600ರಂಥ ಪಂಪ್ ರೈಫಲ್ ಅಷ್ಟು ಕಾಣುವುದಕ್ಕೆ ಇದೇ ಕಾರಣ. ಪಕ್ಕದ ನ್ಯೂಜೆರ್ಸಿಯಲ್ಲಂತೂ ಜಿಂಕೆಗೆ ಸಾಮಾನ್ಯ ರೈಫಲ್ಲೇ ಇಲ್ಲ, ಶಾಟ್‌ಗನ್ ಮತ್ತು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ.

ಸೆಮಿ ಆಟೋ ಬಿಟ್ಟ ರಾಜ್ಯಗಳಲ್ಲೂ ತೋಟೆಯ ಲೆಕ್ಕ ಬೇರೆ ಬೇರೆ. ಮಿಶಿಗನ್, ನ್ಯೂಯಾರ್ಕ್, ಕೊಲೊರಾಡೊಗಳಲ್ಲಿ ಚೇಂಬರ್ ಮತ್ತು ಮ್ಯಾಗಜಿನ್ ಸೇರಿ ಆರು. ಫ್ಲಾರಿಡಾದಲ್ಲಿ ಮ್ಯಾಗಜಿನ್ನಿಗೆ ಐದು. ನ್ಯೂಯಾರ್ಕಿನಲ್ಲಿ 2022ರ ಸೆಪ್ಟೆಂಬರಿನಿಂದ ಸೆಮಿ ಆಟೋ ರೈಫಲ್ ಕೊಳ್ಳಲು ಪ್ರತ್ಯೇಕ ಲೈಸೆನ್ಸೂ ಬೇಕು. ಐದು ತೋಟೆಯ ಮ್ಯಾಗಜಿನ್ ಕೊಂಡಿಟ್ಟರೆ ಈ ಎಲ್ಲ ಕಡೆ ನಡೆಯುತ್ತದೆ. ನಿಯಮಗಳು ವರ್ಷ ವರ್ಷ ತಿದ್ದುಪಡಿಯಾಗುತ್ತವೆ, ಲೈಸೆನ್ಸಿನ ಜೊತೆ ಕೊಡುವ ಆ ವರ್ಷದ ಪುಸ್ತಿಕೆಯನ್ನು ಓದಿಯೇ ಹೊರಡಿ.

ಪ್ರಶ್ನೆ: ಒಹಾಯೊದಲ್ಲಿ .350 ಲೆಜೆಂಡ್ ಕೊಳ್ಳಿ ಎನ್ನುತ್ತಾರೆ. ಅದೇ ಯಾಕೆ? (ಕೊಲಂಬಸ್)

ಉತ್ತರ: ಒಹಾಯೊದಲ್ಲಿ ಜಿಂಕೆಗೆ ಕುತ್ತಿಗೆ ಸಪೂರವಿಲ್ಲದ, ನೇರ ಗೋಡೆಯ ತೋಟೆ ಹಾರಿಸುವ ರೈಫಲ್ ಮಾತ್ರ, .357ರಿಂದ .50 ವ್ಯಾಸದೊಳಗೆ. ಇಂಥ ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆ. ಬಯಲು ಹೊಲಗಳ, ಮನೆಗಳ ನಡುವಿನ ಪ್ರದೇಶಕ್ಕೆ ಅದು ಬೇಕಾದ ಗುಣ. .350 ಲೆಜೆಂಡ್ 2019ರಲ್ಲಿ ವಿಂಚೆಸ್ಟರ್ ತಂದ ತೋಟೆ, ಹೆಸರಲ್ಲಿ .350 ಇದ್ದರೂ ಗುಂಡಿನ ವ್ಯಾಸ .357. ಒದೆತ ಕಡಿಮೆ, 150 ಗಜದವರೆಗೆ ಜಿಂಕೆಗೆ ಧಾರಾಳ. .450 ಬುಷ್‌ಮಾಸ್ಟರ್ ಹೆಚ್ಚು ಬಲದ್ದು, ಹೆಗಲಿಗೂ ಹೆಚ್ಚು ಭಾರ.

ಕೊಳ್ಳುವಾಗ ಒಂದು ಎಚ್ಚರ. .223ರ ಮ್ಯಾಗಜಿನ್ನಿಗೆ ಈ ತೋಟೆ ತುಂಬಿದರೆ ಮೂತಿ ಬಾಗಿ ಸಿಕ್ಕಿಕೊಳ್ಳುತ್ತದೆ, .350ಗೆಂದೇ ಮಾಡಿದ್ದನ್ನು ಕೊಳ್ಳಿ. ಈ ತೋಟೆ ಚೇಂಬರಿನಲ್ಲಿ ತನ್ನ ಬಾಯಿಯ ಅಂಚಿನ ಮೇಲೆ ನಿಲ್ಲುತ್ತದೆ, ಆದ್ದರಿಂದ ಆ ಅಂಚು ಚಪ್ಪಟೆಯಾದ, ಬಾಗಿದ ತೋಟೆಯನ್ನು ಪಕ್ಕಕ್ಕಿಡಿ. ಒಹಾಯೊದ ಮಿತಿ ಚೇಂಬರ್ ಸೇರಿ ಮೂರೇ ತೋಟೆ.

ಪ್ರಶ್ನೆ: ಹಳೆಯ ರೆಮಿಂಗ್ಟನ್ 742 ಕಡಿಮೆ ಬೆಲೆಗೆ ಬಂದಿದೆ. ಮರ ಚೆನ್ನಾಗಿದೆ, ಹೊರಗೆ ತುಕ್ಕಿಲ್ಲ. ಕೊಳ್ಳಲೇ? (ನಾರ್ತ್ ಕ್ಯಾರೊಲೈನಾ)

ಉತ್ತರ: ಮರ ನೋಡಬೇಡಿ, ಹೊಟ್ಟೆಯೊಳಗೆ ನೋಡಿ. 742 ವುಡ್ಸ್‌ಮಾಸ್ಟರ್ 1960ರಿಂದ 1980ರವರೆಗೆ ಬಂದ ರೈಫಲ್, ಲಕ್ಷಗಟ್ಟಲೆ ಮನೆಗಳಲ್ಲಿದೆ. ವರ್ಷಕ್ಕೆ ಹತ್ತು ತೋಟೆ ಹಾರಿಸಿದ ಒಂದು 742 ಇನ್ನೂ ಮೂವತ್ತು ವರ್ಷ ಬಾಳೀತು. ಗುರಿಯ ಮೈದಾನದಲ್ಲಿ ಪೆಟ್ಟಿಗೆ ಪೆಟ್ಟಿಗೆ ಹಾರಿಸಿದ್ದು ಸವೆದಿರುತ್ತದೆ.

ಕಾರಣ ಅದರ ಬೋಲ್ಟಿನ ತಲೆ. ದೊಡ್ಡ ಹಲ್ಲುಗಳ ಬದಲು ಸಾಲಾಗಿ ಬಹಳ ಸಣ್ಣ ಹಲ್ಲುಗಳಿವೆ. ಈಡು ಬಿಟ್ಟಾಗ ಬೋಲ್ಟ್ ತಿರುಗಿ ಹಿಂದೆ ಓಡುವಾಗ ಆ ಹಲ್ಲುಗಳು ರಿಸೀವರಿನ (ಬೋಲ್ಟ್ ಓಡಾಡುವ ಒಡಲು) ಒಳಗಿನ ಹಳಿಗಳಿಗೆ ತಾಗುತ್ತವೆ. ಸಾವಿರ ಸಲ ತಾಗಿದ ಮೇಲೆ ಹಳಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಗೀರಿನಂತೆ ಸಾಲು ತಗ್ಗು ಬೀಳುತ್ತದೆ. ಆಮೇಲೆ ಬೋಲ್ಟ್ ತಡವರಿಸುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ರಿಸೀವರೇ ಸವೆದದ್ದರಿಂದ ರಿಪೇರಿಯ ಖರ್ಚು ರೈಫಲ್ಲಿನ ಬೆಲೆಗಿಂತ ಮೇಲೆ ಹೋಗುತ್ತದೆ.

ಹೀಗೆ ಪರೀಕ್ಷಿಸಿ: ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದೆ ನಿಲ್ಲಿಸಿ, ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಸಣ್ಣ ಟಾರ್ಚ್ ಹಿಡಿದು ಹಳಿಗಳ ಮೇಲೆ ಬೆಳಕು ಓರೆಯಾಗಿ ಬೀಳಿಸಿ. ಉಗುರು ಎಳೆದು ನೋಡಿ. ಬಣ್ಣ ಮಾಸಿದ್ದರೆ ತೊಂದರೆಯಿಲ್ಲ, ಉಗುರು ಕಟಕಟನೆ ಸಿಕ್ಕಿದರೆ ಅಲ್ಲಿಗೇ ಬಿಟ್ಟುಬನ್ನಿ. ಮುಂದೆ ಚೇಂಬರ್. ನಳಿಗೆ ಉಜ್ಜುವವರು ಚೇಂಬರನ್ನು ಮರೆಯುತ್ತಾರೆ, ಅಲ್ಲಿ ತುಕ್ಕಿನ ಕುಳಿ ಬೀಳುತ್ತದೆ. ಈಡಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಆ ಕುಳಿಗಳಿಗೆ ಅಂಟಿಕೊಂಡಾಗ, ಖಾಲಿ ತೋಟೆಯನ್ನು ಹೊರಗೆಳೆಯುವ ಕೊಕ್ಕೆ ಅದರ ಅಂಚನ್ನು ಹರಿದುಕೊಂಡು ಬರುತ್ತದೆ, ಖಾಲಿ ತೋಟೆ ಒಳಗೇ ಉಳಿಯುತ್ತದೆ. ಮಾರುವವರು ಒಪ್ಪಿದರೆ ಮೈದಾನದಲ್ಲಿ ಐದು ಹಾರಿಸಿ ಖಾಲಿ ತೋಟೆಗಳನ್ನು ಕೈಯಲ್ಲಿ ಹಿಡಿದು ನೋಡಿ. ಮೈಮೇಲೆ ಗೀರು, ಅಂಚು ಬಾಗಿದ್ದು ಕಂಡರೆ ಚೇಂಬರ್ ಕೆಟ್ಟಿದೆ. ಮೂಲ ಮ್ಯಾಗಜಿನ್ ಜೊತೆಗಿದೆಯೇ ಕೇಳಿ. ಬೇರೆಯವರು ಮಾಡಿದ ಅಗ್ಗದ ಮ್ಯಾಗಜಿನ್ನಿನ ತುಟಿಗಳು ತೋಟೆಯನ್ನು ಸರಿಯಾದ ಕೋನದಲ್ಲಿ ಹಿಡಿಯುವುದಿಲ್ಲ. ಹಳೆಯ ರೆಮಿಂಗ್ಟನ್ ಕಂಪನಿ 2020ರಲ್ಲಿ ದಿವಾಳಿಯಾಗಿ ಹರಿದು ಹಂಚಿಹೋಯಿತು, ಬಿಡಿಭಾಗ ಹುಡುಕುವುದು ಈಗ ನಿಮ್ಮ ತಲೆನೋವು.

ಪ್ರಶ್ನೆ: ಬೆಳಗಿನ ಜಾವ ಮರದ ಮೇಲಿನ ಮರಸಿನಲ್ಲಿ ಕೂತಿದ್ದೆ. ಸದ್ದಾಗಬಾರದೆಂದು ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದೆ. ಜಿಂಕೆ ಬಂದಾಗ ಟ್ರಿಗರ್ ಎಳೆದರೆ ಬರೀ 'ಟಕ್'. ತೋಟೆ ಕೆಟ್ಟಿತ್ತೇ? (ಜಾರ್ಜಿಯಾ)

ಉತ್ತರ: ತೋಟೆ ಚೆನ್ನಾಗಿಯೇ ಇತ್ತು. ಬೋಲ್ಟ್ ಪೂರ್ತಿ ಮುಚ್ಚಿರಲಿಲ್ಲ. ಸೆಮಿ ಆಟೋದ ಬೋಲ್ಟ್ ತನ್ನ ಸ್ಪ್ರಿಂಗಿನ ಪೂರ್ತಿ ಬಲದಿಂದ ಮುಂದೆ ಹೋಗಿ, ತೋಟೆಯನ್ನು ತಳ್ಳಿ, ಕೊಕ್ಕೆಯನ್ನು ಅಂಚಿಗೆ ಹಾರಿಸಿ, ಕೊನೆಗೆ ತಿರುಗಿ ಬೀಗ ಹಾಕಬೇಕು. ಕೈಯಲ್ಲಿ ಹಿಡಿದು ಬಿಟ್ಟರೆ ಆ ಕೊನೆಯ ತಿರುವಿಗೆ ಬಲ ಉಳಿಯುವುದಿಲ್ಲ. ಬೀಗ ಬೀಳದಿದ್ದಾಗ ಸಿಡಿಯದಂತೆ ತಡೆಯುವುದು ರೈಫಲ್ಲಿನ ರಕ್ಷಣೆಯೇ.

ಸದ್ದಿಗೆ ಪರಿಹಾರ ಹೊತ್ತಿನಲ್ಲಿದೆ. ಹತ್ತುವಾಗ ರೈಫಲ್ ಪೂರ್ತಿ ಖಾಲಿ, ಹಗ್ಗದಿಂದ ಆಮೇಲೆ ಮೇಲೆಳೆದುಕೊಳ್ಳಿ, ನಳಿಗೆ ನೆಲದ ಕಡೆಗೆ. ಬೀಳದಂತೆ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ ಬಿಗಿದು ಕೂತ ಮೇಲೆ, ಬೆಳಕಾಗುವುದಕ್ಕೆ ಅರ್ಧ ಗಂಟೆ ಮೊದಲೇ, ಹಿಡಿಯನ್ನು ಹಿಂದಕ್ಕೆ ಪೂರ್ತಿ ಎಳೆದು ಬಿಟ್ಟುಬಿಡಿ. ಒಂದು ಸಲ 'ಖಟಾರ್' ಎನ್ನಲಿ. ಅರ್ಧ ಗಂಟೆಯಲ್ಲಿ ಕಾಡು ಅದನ್ನು ಮರೆಯುತ್ತದೆ. ಎಆರ್ ಮಾದರಿಯಾದರೆ, ಬೋಲ್ಟನ್ನು ಮುಂದಕ್ಕೆ ತಳ್ಳುವ ಗುಂಡಿ ಬಲಗಡೆ ಇದ್ದರೆ, ಅದನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ.

ಕತ್ತಲಲ್ಲಿ ತೋಟೆ ಏರಿತೇ ಎಂದು ತಿಳಿಯಲು, ಎರಡು ಸಾಲಿನ ಮ್ಯಾಗಜಿನ್ ಆದರೆ ಒಂದು ಉಪಾಯವಿದೆ. ಹಾಕುವ ಮೊದಲು ಮೇಲಿನ ತೋಟೆ ಎಡಕ್ಕಿದೆಯೋ ಬಲಕ್ಕಿದೆಯೋ ಬೆರಳಿನಿಂದ ಮುಟ್ಟಿಕೊಳ್ಳಿ. ಬೋಲ್ಟ್ ಬಿಟ್ಟ ಮೇಲೆ ಮ್ಯಾಗಜಿನ್ ತೆಗೆದು ಮತ್ತೆ ಮುಟ್ಟಿ. ಬಲಕ್ಕಿದ್ದದ್ದು ಎಡಕ್ಕೆ ಬಂದಿದ್ದರೆ ಒಂದು ಚೇಂಬರಿಗೆ ಹೋಗಿದೆ. ಹೋಗದಿದ್ದರೆ ಮ್ಯಾಗಜಿನ್ ಸರಿಯಾಗಿ ಕೂತಿರಲಿಲ್ಲ. ಐದು ಹಿಡಿಯುವುದಕ್ಕೆ ನಾಲ್ಕೇ ತುಂಬಿದರೆ ಈ ತೊಂದರೆ ಬಹಳ ಕಡಿಮೆ. ತುಂಬಿದ ಮ್ಯಾಗಜಿನ್ ಮುಚ್ಚಿದ ಬೋಲ್ಟಿಗೆ ತಾಗಿ ಮೇಲೇರದೆ ನಿಲ್ಲುತ್ತದೆ.

'ಟಕ್' ಎಂದಾಗ ಗಾಬರಿಯಿಂದ ತಕ್ಷಣ ಬೋಲ್ಟ್ ಎಳೆಯಬೇಡಿ. ಮೂತಿ ಸುರಕ್ಷಿತ ದಿಕ್ಕಿಗೆ ಹಿಡಿದು 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಹೊರಬಂದ ತೋಟೆಯ ಕೇಪು ನೋಡಿ. ಗುರುತೇ ಇಲ್ಲವೆಂದರೆ ಬೋಲ್ಟ್ ಮುಚ್ಚಿರಲಿಲ್ಲ. ಆಳವಾದ ಗುಳಿ ಇದ್ದರೆ ತೋಟೆಯದೇ ದೋಷ. ಎಆರ್ ಮತ್ತು ಎಂ1ಎಗಳಲ್ಲಿ ತೋಟೆ ಏರಿಸಿದಷ್ಟಕ್ಕೇ ಕೇಪಿನ ಮೇಲೆ ನವಿರಾದ ಚುಕ್ಕೆ ಬೀಳುತ್ತದೆ, ಅದು ಸಹಜ. ಆದರೆ ಒಂದೇ ತೋಟೆಯನ್ನು ಪ್ರತಿದಿನ ಏರಿಸಿ ಇಳಿಸಿ ಮಾಡಬೇಡಿ. ಗುಂಡು ಒಳಕ್ಕೆ ಜರುಗಿ ಒತ್ತಡ ಹೆಚ್ಚುತ್ತದೆ. ಎರಡು ಸಲ ಏರಿದ್ದನ್ನು ಅಭ್ಯಾಸದ ಡಬ್ಬಿಗೆ ಹಾಕಿ. ಚಳಿ ನಾಡಿನವರು ಇನ್ನೊಂದು ನೋಡಬೇಕು: ಶೂನ್ಯಕ್ಕಿಂತ ಕೆಳಗೆ ದಪ್ಪ ಎಣ್ಣೆ ಜೇನಿನಂತಾಗಿ ಬೋಲ್ಟನ್ನು ಹಿಡಿಯುತ್ತದೆ. ಹಂಗಾಮಿಗೆ ಮೊದಲು ಒರೆಸಿ, ತೆಳು ಎಣ್ಣೆ ಬೆರಳಿಗೆ ಅಂಟುವಷ್ಟೇ ಸವರಿ. ಅನಿಲದ ಪಿಸ್ಟನ್ನಿಗೆ ಎಣ್ಣೆ ಹಾಕಿದರೆ ಬೆಂದು ಮಸಿಯಾಗುತ್ತದೆ, ಒಣಗಿರಲಿ.

ಪ್ರಶ್ನೆ: ದುರ್ಬೀನು ಗುರಿ ಕೂಡಿಸುವುದು ಹೇಗೆ? ಎಷ್ಟು ತೋಟೆ ಬೇಕಾಗಬಹುದು?

ಉತ್ತರ: ಒಂದು ಪೆಟ್ಟಿಗೆ, ಇಪ್ಪತ್ತು. ಬೇಟೆಗೆ ಒಯ್ಯುವ ಅದೇ ತೋಟೆಯಲ್ಲಿ. ಮೊದಲು ಉಂಗುರಗಳ ಸ್ಕ್ರೂ ಸುಮಾರು 15ರಿಂದ 18 ಇಂಚ್-ಪೌಂಡ್‌ಗೆ ಬಿಗಿಯಿರಿ, ದುರ್ಬೀನಿನವರು ಬೇರೆ ಹೇಳಿದ್ದರೆ ಅದೇ ಸರಿ. ಬಿಎಆರ್‌ನ ಹಲವು ಮಾದರಿಗಳಲ್ಲಿ ರಿಸೀವರ್ ಅಲ್ಯುಮಿನಿಯಂ ಮಿಶ್ರಲೋಹ, ಅದಕ್ಕೆ ಕೂರುವ ತಳಪಟ್ಟಿಯ ಸ್ಕ್ರೂ ಹೆಚ್ಚು ಬಿಗಿದರೆ ಎಳೆ ಕಿತ್ತುಬರುತ್ತದೆ.

25 ಗಜದಿಂದ ಶುರು ಮಾಡಿ. ದುರ್ಬೀನಿನ ತಿರುಪಿನ ಒಂದು ಕ್ಲಿಕ್ ನೂರು ಗಜಕ್ಕೆ ಕಾಲು ಇಂಚು ಎಂದಿದ್ದರೆ 25 ಗಜಕ್ಕೆ ಹದಿನಾರನೇ ಒಂದು ಇಂಚು. ಗುಂಡು ಒಂದಿಂಚು ಎಡಕ್ಕೆ ಬಿದ್ದರೆ 16 ಕ್ಲಿಕ್ ಬಲಕ್ಕೆ. ಮಧ್ಯಕ್ಕೆ ಬಂದ ಮೇಲೆ ನೂರು ಗಜಕ್ಕೆ ಹೋಗಿ ಮೂರು ಮೂರು ಗುಂಡಿನ ಗುಂಪು ನೋಡಿ, ಗುಂಪಿನ ನಡುವನ್ನು ಹಿಡಿದು ತಿದ್ದಿ, ಒಂದೊಂದೇ ಗುಂಡಿನ ಬೆನ್ನು ಹತ್ತಬೇಡಿ. ಗುಂಪಿನ ನಡುವೆ ನಳಿಗೆ ಆರಲು ಐದಾರು ನಿಮಿಷ ಬಿಡಿ. ಚೀಲದ ಮೇಲೆ ಇಡುವಾಗ ಮುಂಗಟ್ಟಿಗೆಯ (ನಳಿಗೆಯ ಕೆಳಗಿನ ಮುಂಭಾಗದ ಹಿಡಿ) ನಡುಭಾಗ ಇರಲಿ, ನಳಿಗೆಯನ್ನೇ ಒರಗಿಸಿದರೆ ಗುಂಡು ಬೇರೆಡೆ ಬೀಳುತ್ತದೆ.

.308ರ 150 ಗ್ರೇನ್ ತೋಟೆ ನೂರು ಗಜಕ್ಕೆ ಎರಡಿಂಚು ಮೇಲೆ ಬಿದ್ದರೆ 200ಕ್ಕೆ ಗುರಿಯ ಮೇಲೇ ಇರುತ್ತದೆ, 300ಕ್ಕೆ ಸುಮಾರು ಎಂಟಿಂಚು ಕೆಳಗೆ. ಎಆರ್ ಮಾದರಿಯಲ್ಲಿ ದುರ್ಬೀನು ನಳಿಗೆಗಿಂತ ಸುಮಾರು ಎರಡೂವರೆ ಇಂಚು ಎತ್ತರದಲ್ಲಿರುತ್ತದೆ, ಹದಿನೈದು ಗಜದಲ್ಲಿ ಜಿಂಕೆ ಬಂದುನಿಂತರೆ ಗುಂಡು ಒಂದೂವರೆಯಿಂದ ಎರಡಿಂಚು ಕೆಳಗೇ ಹೋಗುತ್ತದೆ. ಅಷ್ಟು ಹತ್ತಿರಕ್ಕೆ ಅಷ್ಟೇ ಮೇಲೆ ಹಿಡಿಯಿರಿ.

ಪ್ರಶ್ನೆ: ಕೊಡಗಿನಲ್ಲಿರುವ ನಮ್ಮ ತಂದೆಯವರಿಗೂ ಇಂಥದ್ದೊಂದು ಕೊಡಿಸಬೇಕು ಅಂತ. ತೋಟಕ್ಕೆ ಕಡವೆ ಬರುತ್ತದೆ, ಕೊಡವರಿಗೆ ಲೈಸೆನ್ಸ್ ಬೇಡವಲ್ಲ?

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಡವೆ, ಜಿಂಕೆ ಎರಡನ್ನೂ ಬೇಟೆಯಾಡುವುದು ಅಪರಾಧ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯಿದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ, 2029ರವರೆಗೆ, ವಿಸ್ತರಿಸಿದೆ, ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಕೈಲ್‌ಪೊಳ್ದ್‌ಗೆ ತೋಕ್ ಪೂಜೆ ಮಾಡುವುದಕ್ಕೆ, ತೆಂಗಿನಕಾಯಿಗೆ ಗುರಿ ಹೊಡೆಯುವುದಕ್ಕೆ ನೆರವಾಗುತ್ತದೆ. ಕಡವೆಗೆ ಈಡು ಹಾರಿಸುವ ಹಕ್ಕನ್ನು ಅದು ಕೊಡುವುದಿಲ್ಲ. ಸೆಮಿ ಆಟೋ ರೈಫಲ್ ಭಾರತದಲ್ಲಿ ಸಾಮಾನ್ಯ ಲೈಸೆನ್ಸಿಗೂ ಸಿಗುವ ವಸ್ತುವಲ್ಲ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಫೋಟೊ ಮತ್ತು ಪಹಣಿ ಸಮೇತ.

ಪ್ರಶ್ನೆ: ನಾವು ಲಂಡನ್ನಿನಲ್ಲಿದ್ದೇವೆ. ಇಲ್ಲಿ ಜಿಂಕೆಗೆ ಸೆಮಿ ಆಟೋ ನಡೆಯುತ್ತದೆಯೇ?

ಉತ್ತರ: ಸೆಂಟರ್‌ಫೈರ್ ಸೆಮಿ ಆಟೋ ರೈಫಲ್ ಬ್ರಿಟನ್ನಿನಲ್ಲಿ 1988ರಿಂದ ನಿಷಿದ್ಧ, .22 ರಿಮ್‌ಫೈರ್ ಮಾತ್ರ ಉಳಿದಿದೆ, ಅದು ಜಿಂಕೆಗೆ ಸಲ್ಲದು. ಅಲ್ಲಿ ಬೋಲ್ಟ್ ರೈಫಲ್ಲೇ.

ಪ್ರಶ್ನೆ: ಮಾಂಸ ಮನೆಮಂದಿಗೆಲ್ಲ, ಮಕ್ಕಳೂ ತಿನ್ನುತ್ತಾರೆ. ಸೀಸದ ಗುಂಡಿನಿಂದ ತೊಂದರೆಯೇ? ತಾಮ್ರದ ಗುಂಡು ಸೆಮಿ ಆಟೋದಲ್ಲಿ ಓಡುತ್ತದೆಯೇ? (ಸ್ಯಾಕ್ರಮೆಂಟೊ)

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ನಿಮಗೆ ಆಯ್ಕೆಯೇ ಇಲ್ಲ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡು ಕಡ್ಡಾಯ. ಬೇರೆ ರಾಜ್ಯದವರೂ ಮಕ್ಕಳಿದ್ದ ಮನೆಯಲ್ಲಿ ತಾಮ್ರಕ್ಕೇ ಹೋಗಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ವೇಗದ ರೈಫಲ್ ಗುಂಡು ಒಡೆದಾಗ ಸೀಸದ ಕಣಗಳು ಗಾಯದಿಂದ ಒಂದು ಅಡಿ ಆಚೆಗೂ ಚದುರುತ್ತವೆ. ಕಣ್ಣಿಗೆ ಕಾಣವು, ಹಲ್ಲಿಗೆ ಸಿಗವು, ಎಕ್ಸ್‌ರೇಯಲ್ಲಿ ಮಾತ್ರ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಸೀಸದ ಗುಂಡಿನಿಂದ ಹೊಡೆದ ಜಿಂಕೆಯಾದರೆ ಗಾಯದ ಸುತ್ತಲಿನ ಮಾಂಸ ಧಾರಾಳವಾಗಿ ಕತ್ತರಿಸಿ ಬಿಸಾಡಿ, ಖೀಮಾಕ್ಕೆ ಅದನ್ನು ಸೇರಿಸಲೇಬೇಡಿ. ಬಸುರಿಯರಿಗೂ ಮಕ್ಕಳಿಗೂ ಆ ಜಿಂಕೆಯ ಮಾಂಸ ಬೇಡ.

ತಾಮ್ರದ ಗುಂಡು ಸೆಮಿ ಆಟೋದಲ್ಲಿ ಚೆನ್ನಾಗಿಯೇ ಓಡುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ; .308ಗೆ 150ರ ಬದಲು 130 ಗ್ರೇನ್ ಹಾಕಿದರೆ ಮ್ಯಾಗಜಿನ್ನಿಗೂ ಸರಿ, ವೇಗವೂ ಹೆಚ್ಚು. ತಾಮ್ರ ಅರಳುವುದಕ್ಕೆ ವೇಗ ಬೇಕು, ಗುಂಡಿನ ವೇಗ ಸೆಕೆಂಡಿಗೆ ಸುಮಾರು 2000 ಅಡಿಗಿಂತ ಕೆಳಗಿಳಿಯುವಷ್ಟು ದೂರಕ್ಕೆ ಹೊಡೆಯಬೇಡಿ. ಪೆಟ್ಟಿಗೆಯ ಹಿಂದಿನ ಪಟ್ಟಿಯಲ್ಲಿ ದೂರ ದೂರಕ್ಕೆ ವೇಗ ಬರೆದಿರುತ್ತದೆ. ಸೀಸದ ತೋಟೆಗೆ ಕೂಡಿಸಿದ ಗುರಿ ತಾಮ್ರಕ್ಕೆ ನಡೆಯದು, ಮತ್ತೆ ಕೂಡಿಸಿ. ಅದಕ್ಕೆ ಮೊದಲು ನಳಿಗೆಯನ್ನು ತಾಮ್ರ ಕರಗಿಸುವ ದ್ರಾವಣದಿಂದ, ಬಟ್ಟೆಗೆ ನೀಲಿ ಬಣ್ಣ ಬರುವುದು ನಿಲ್ಲುವವರೆಗೆ, ತೊಳೆಯಿರಿ.